ಐದು ಥೌ

2019ರಲ್ಲಿ ಗದಗಿನ ನಮ್ಮ ಹಳೇ ಮನೆ ವಾಟ್ನಿಯಾದಾಗ ಎರಡು ಪುಟದ ಯಾದಿ ತಯಾರಾಗಿತ್ತು. ಹಂಡೆ, ಕೊಪ್ಪರಿಗೆ, ಸಾಗವಾನಿ ಮಂಚ, ಬೆಳ್ಳಿಯ ಸಮೆ, ಎಲ್ಲ ಅದರಲ್ಲಿದ್ದವು. ಹಿತ್ತಲಿನ ಕಟ್ಟಿಗೆ ಮನೆಯಲ್ಲಿ ತಟ್ಟಿನ ಚೀಲ ಹೊದ್ದು ನಿಂತಿದ್ದ ಮೋಟಾರ್‌ಸೈಕಲ್ ಮಾತ್ರ ಇರಲಿಲ್ಲ. ಅದು ಆಸ್ತಿ ಅಂತ ಯಾರಿಗೂ ಅನಿಸಿರಲಿಲ್ಲ. ಕೊನೆಯ ದಿನ ಗುಜರಿಯವನು ಬಂದು ಹ್ಯಾಂಡಲ್ ಹಿಡಿದು ಅಲ್ಲಾಡಿಸಿ, "ಕೆಜಿ ಲೆಕ್ಕಾ ಹಾಕೂಣ್ರಿ" ಎಂದ. ಹತ್ತಿರ ಹತ್ತಿರ 170 ಕೆಜಿ ತೂಗುವ ಗಾಡಿ. ಅವನು ತಕ್ಕಡಿ ತರುವ ಮೊದಲೇ ನಾನು "ಇದನ್ನ ನಾನು ಒಯ್ತೀನಿ" ಎಂದುಬಿಟ್ಟೆ. ಕಾಕಾ ನಕ್ಕರು. "ಒಯ್ಯಪಾ. ಆದ್ರ ಒಂದ ಮಾತು, ಮಾರಬ್ಯಾಡ." ಅಪ್ಪ ಮಾತ್ರ ಏನೂ ಅನ್ನಲಿಲ್ಲ, ಹಿತ್ತಲ ಬಾಗಿಲು ದಾಟಿ ಒಳಗೆ ಹೋದರು.

ಆಗ ನನಗೆ ಅದರ ಬಗ್ಗೆ ಗೊತ್ತಿದ್ದದ್ದು ಇಷ್ಟೇ. ಅದು ಬಿಎಸ್‌ಎ. ಅಜ್ಜ ಐವತ್ತರ ದಶಕದಲ್ಲಿ ಬೆಳಗಾವಿಯಲ್ಲಿ ಮಿಲಿಟರಿಯವರು ಹರಾಜಿಗಿಟ್ಟ ಗಾಡಿಗಳಲ್ಲಿ ಒಂದನ್ನು ಕೊಂಡು ತಂದದ್ದು. ಅವರು ಗದಗಿನ ಒಂದು ಹತ್ತಿ ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತಿದ್ದರು. ಸುಗ್ಗಿಯಲ್ಲಿ ರೋಣ, ನರೇಗಲ್, ಮುಂಡರಗಿ ಕಡೆಯ ಹಳ್ಳಿಗಳಿಗೆ ತೂಕಕ್ಕೆ ಹೋಗಬೇಕು, ದಾರಿಯೆಲ್ಲ ಎರೆ ಮಣ್ಣು. 1979ರ ಸುಮಾರಿಗೆ ಅವರ ಮೊಣಕಾಲು ಸೋತ ಮೇಲೆ ಗಾಡಿ ಹಿತ್ತಲು ಸೇರಿತು. ನಾನು ಹುಟ್ಟುವ ಹೊತ್ತಿಗೆ ಅದರ ಸೀಟಿನ ಮೇಲೆ ಕೋಳಿ ಮಲಗುತ್ತಿತ್ತು.

ಪುಣೆಗೆ ತಂದು ಎಂಜಿನ್ ನಂಬರ್ ಮೇಲಿನ ಜಂಗು ತಿಕ್ಕಿದಾಗ ಅದು ಎಂ20 ಎಂದು ತಿಳಿಯಿತು. ವಾಲ್ ಪೇಜ್ ಎಂಬ ವಿನ್ಯಾಸಕಾರ ಬಿಎಸ್‌ಎಗಾಗಿ ರೂಪಿಸಿದ ಎಂ ಸರಣಿ 1937ರಲ್ಲಿ ಬಂತು. ಬರ್ಮಿಂಗ್‌ಹ್ಯಾಮಿನ ಸ್ಮಾಲ್ ಹೀತ್ ಕಾರ್ಖಾನೆ ಎರಡನೇ ಮಹಾಯುದ್ಧಕ್ಕೆ ಸುಮಾರು 1,26,000 ಎಂ20ಗಳನ್ನು ಸೇನೆಗೆ ಒದಗಿಸಿತು. ಕಂಪನಿಯ ಹೆಸರೇ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. ಬಂದೂಕು ಮಾಡುತ್ತಿದ್ದವರು, ಅದಕ್ಕೇ ಲಾಂಛನದಲ್ಲಿ ಒಂದಕ್ಕೊಂದು ಆನಿಸಿ ನಿಲ್ಲಿಸಿದ ಮೂರು ರೈಫಲ್‌ಗಳಿವೆ. 82 ಮಿ.ಮೀ. ಬೋರ್, 94 ಮಿ.ಮೀ. ಸ್ಟ್ರೋಕ್, 496 ಸಿಸಿ, ಸಿಗುವ ಶಕ್ತಿ ಮಾತ್ರ ಸುಮಾರು 13 ಅಶ್ವಶಕ್ತಿ. ಇವತ್ತು ಇದರ ಕಾಲು ಭಾಗದಷ್ಟು ಸಿಸಿಯ ಬೈಕುಗಳೂ ಅಷ್ಟು ಕೊಡುತ್ತವೆ. ಈ ಅಂಕಿ ಓದಿದಾಗಲೇ ನನ್ನ ತಲೆಗೆ ಹುಳ ಹೊಕ್ಕಿದ್ದು. 500 ಸಿಸಿಯಿಂದ 13 ಅಂದರೆ ಎಲ್ಲೋ ಏನೋ ದಂಡವಾಗುತ್ತಿದೆ, ಅದನ್ನು ನಾನು ಸರಿ ಮಾಡಬಹುದು ಎಂದುಕೊಂಡೆ. ಆ ಹುಳ ಮುಂದೆ ಏನು ಮಾಡಿತು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಇದು ಸೈಡ್ ವಾಲ್ವ್ ಎಂಜಿನ್. ಅಮೆರಿಕದವರು ಫ್ಲಾಟ್‌ಹೆಡ್ ಎನ್ನುತ್ತಾರೆ. ಈಗಿನ ಎಂಜಿನ್‌ಗಳಲ್ಲಿ ವಾಲ್ವುಗಳು ಪಿಸ್ಟನ್ನಿನ ನೆತ್ತಿಯ ಮೇಲೆ, ಹೆಡ್ಡಿನಲ್ಲಿ ಕೂತಿರುತ್ತವೆ. ಇದರಲ್ಲಿ ಹಾಗಿಲ್ಲ, ಸಿಲಿಂಡರಿನ ಪಕ್ಕದಲ್ಲಿ ಎರಡೂ ವಾಲ್ವುಗಳು ಬಾಯಿ ಮೇಲೆ ಮಾಡಿ ನಿಂತಿರುತ್ತವೆ. ಕೆಳಗೆ ಕ್ಯಾಮ್ ತಿರುಗಿ ಟ್ಯಾಪೆಟ್ ಎತ್ತಿದರೆ ವಾಲ್ವು ನೇರ ಮೇಲೇಳುತ್ತದೆ. ಪುಷ್‌ರಾಡ್ ಇಲ್ಲ, ರಾಕರ್ ಇಲ್ಲ. ಹೆಡ್ ಅಂದರೆ ಪಿಸ್ಟನ್ನಿಗೂ ವಾಲ್ವುಗಳಿಗೂ ಸೇರಿಸಿ ಮುಚ್ಚಿದ ಒಂದು ಮುಚ್ಚಳ, ಅಷ್ಟೇ. ಬೋಲ್ಟು ಬಿಚ್ಚಿ ಎತ್ತಿದರೆ ಒಳಗಿನ ಸಂಸಾರವೆಲ್ಲ ಕಾಣುತ್ತದೆ. ಮರುಭೂಮಿಯಲ್ಲಿ ಕೂತು ರಿಪೇರಿ ಮಾಡಬೇಕಾದ ಸೈನಿಕನಿಗೆ ಇದಕ್ಕಿಂತ ಬೇರೇನು ಬೇಕು? ಯುದ್ಧಕಾಲದ ವಿಲ್ಲಿಸ್ ಜೀಪಿನ ಎಂಜಿನ್ ಕೂಡ ಇದೇ ಜಾತಿಯದು.

ಸರಳತೆಗೆ ಬೆಲೆ ತೆರಬೇಕಾಗುತ್ತದೆ. ಒಳಬಂದ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ವಾಲ್ವಿನಿಂದ ಮೇಲೆದ್ದು, ಹೆಡ್ಡಿಗೆ ತಾಕಿ, ಪಕ್ಕಕ್ಕೆ ತಿರುಗಿ, ಮತ್ತೆ ಕೆಳಗಿಳಿದು ಸಿಲಿಂಡರ್ ಸೇರಬೇಕು. ಹೊಗೆಯೂ ಅದೇ ಸುತ್ತು ಹಾದಿಯಲ್ಲಿ ಹೊರಗೆ ಹೋಗಬೇಕು. ಹೋಗುತ್ತಾ ಸಿಲಿಂಡರಿನ ಒಂದು ಮಗ್ಗುಲನ್ನು ಸುಡುತ್ತದೆ, ಏಕೆಂದರೆ ಎಕ್ಸಾಸ್ಟ್ ದಾರಿ ಸಿಲಿಂಡರಿನ ಗೋಡೆಗೆ ಅಂಟಿಕೊಂಡೇ ಇದೆ. ಹೀಗಾಗಿ ಬಿಸಿಯಾದಾಗ ದುಂಡಗಿನ ಬೋರ್ ದುಂಡಗೆ ಉಳಿಯುವುದಿಲ್ಲ. ದಹನದ ಕೋಣೆ ಅಗಲವಾಗಿ ಹರಡಿಕೊಂಡಿರುವುದರಿಂದ ಕಂಪ್ರೆಷನ್ ಜಾಸ್ತಿ ಮಾಡಿದರೆ ಎಂಜಿನ್ ಟಕಟಕ ಬಡಿದುಕೊಳ್ಳುತ್ತದೆ. 1919ರಲ್ಲಿ ಹ್ಯಾರಿ ರಿಕಾರ್ಡೊ ಎಂಬ ಇಂಗ್ಲಿಷ್ ಎಂಜಿನಿಯರ್ ಇದಕ್ಕೊಂದು ಉಪಾಯ ಕಂಡುಹಿಡಿದ. ಹೆಡ್ಡಿನ ಒಂದು ಭಾಗವನ್ನು ಪಿಸ್ಟನ್ನಿಗೆ ಮುಟ್ಟುವಷ್ಟು ಹತ್ತಿರ ತಂದು, ಕೋಣೆಯನ್ನು ವಾಲ್ವುಗಳ ಮೇಲೆ ಒತ್ತರಿಸಿದ. ಪಿಸ್ಟನ್ ಮೇಲೆ ಬಂದಾಗ ಮಿಶ್ರಣ ಆ ಸಂದಿಯಿಂದ ರಪ್ಪನೆ ಹಾರಿ ಕೋಣೆಯೊಳಗೆ ಸುಳಿ ಎಬ್ಬಿಸುತ್ತದೆ, ಬೇಗ ಉರಿಯುತ್ತದೆ. ಸೈಡ್ ವಾಲ್ವ್ ಅಷ್ಟು ವರ್ಷ ಬದುಕಿದ್ದಕ್ಕೆ ಆ ಹೆಡ್ಡೇ ದೊಡ್ಡ ಕಾರಣ. ಆದರೂ ಎಂ20ಯ ಕಂಪ್ರೆಷನ್ 4.9ಕ್ಕೆ ನಿಂತಿತು. ಯುದ್ಧಕಾಲದ ಕೀಳು ಪೆಟ್ರೋಲಿಗೆ ಅಷ್ಟೇ ಸರಿ.

ಬಿಚ್ಚುವ ಕೆಲಸಕ್ಕೆ ಎರಡು ವರ್ಷ ಹಿಡಿಯಿತು. ನಲವತ್ತು ವರ್ಷ ನಿಂತ ಪಿಸ್ಟನ್ ಸಿಲಿಂಡರಿಗೆ ಬೆಸೆದುಕೊಂಡಿತ್ತು. ಪ್ಲಗ್ಗಿನ ತೂತಿನಿಂದ ಡೀಸೆಲ್ಲೂ ಗೇರ್ ಎಣ್ಣೆಯೂ ಕಲಸಿ ಹೊಯ್ದು ವಾರಗಟ್ಟಲೆ ಬಿಡುವುದು, ಮರದ ತುಂಡಿಟ್ಟು ಮೆಲ್ಲಗೆ ಬಡಿಯುವುದು, ಮತ್ತೆ ಹೊಯ್ಯುವುದು. ಕೆಲಸ ನಡೆದದ್ದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ನನ್ನ ಪಾರ್ಕಿಂಗಿನಲ್ಲಿ. ಎಣ್ಣೆ ಕಲೆಗಾಗಿ ಸೊಸೈಟಿಯಿಂದ ಎರಡು ನೋಟೀಸು ಬಂದವು. ಕೊನೆಗೆ ದೊಡ್ಡದೊಂದು ತಗಡಿನ ತಟ್ಟೆ ಕೆಳಗಿಟ್ಟು ರಾಜಿಯಾದೆ. ಪಿಸ್ಟನ್ ಕೊನೆಗೊಮ್ಮೆ ಹೊರಬಂದಾಗ ಅದರ ನೆತ್ತಿಯ ಮಸಿ ಕೆರೆದರೆ "20" ಎಂಬ ಅಂಕಿ ಕಂಡಿತು. ಅಂದರೆ ಅಜ್ಜನ ಕಾಲದಲ್ಲೇ ಒಮ್ಮೆ ಬೋರ್ ಮಾಡಿಸಿ 20 ಥೌ ದೊಡ್ಡ ಪಿಸ್ಟನ್ ಹಾಕಿಸಿದ್ದರು. ಹತ್ತಿ ತೂಕಕ್ಕೆ ಓಡಾಡಿದ ಗಾಡಿಗೆ ಅಷ್ಟು ಬೇಗ ಯಾಕೆ ಬೇಕಾಯಿತು ಎಂದು ಆಗ ತಿಳಿಯಲಿಲ್ಲ.

ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ. ನಮ್ಮ ತಲೆಗೂದಲು ಸುಮಾರು ಮೂರು ಥೌ ದಪ್ಪ. ಮಿಲಿಮೀಟರ್ ಬಂದು ಎಷ್ಟೋ ಕಾಲವಾದರೂ ಭೋಸರಿಯ ಲೇತ್ ಅಂಗಡಿಗಳಲ್ಲಿ ಇವತ್ತಿಗೂ ಥೌ ಮಾತೇ. ನನಗೆ ಸಿಕ್ಕ ಹಿರಿಯ ಕೆಲಸಗಾರರನ್ನು ಎಲ್ಲರೂ ಕಾಕಾ ಎನ್ನುತ್ತಾರೆ. ನಮ್ಮ ಮನೆಯಲ್ಲೂ ಕಾಕಾ ಅಂದರೆ ಕಾಕಾನೇ ಆದ್ದರಿಂದ ನನಗೆ ಪರಕೀಯ ಅನಿಸಲಿಲ್ಲ. ಕ್ರ್ಯಾಂಕಿನ ಎರಡು ಫ್ಲೈವೀಲ್ ಬೇರ್ಪಡಿಸಿ ಬಿಗ್ ಎಂಡಿಗೆ ಹೊಸ ರೋಲರ್ ಹಾಕಿ, ಮತ್ತೆ ಜೋಡಿಸಿ, ಎರಡು ಮೊನೆಗಳ ನಡುವೆ ತಿರುಗಿಸಿ ತಾಮ್ರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಒಂದು ಥೌಗಿಂತ ಕಡಿಮೆ ಓಲಾಟಕ್ಕೆ ತಂದರು. ಒಂದು ಇಡೀ ಶನಿವಾರ ಅದಕ್ಕೇ ಹೋಯಿತು. ನಡುನಡುವೆ ಅವರು ಎದ್ದು ಹೋಗಿ ಚಹಾ ಕುಡಿದು ಬರುತ್ತಿದ್ದರು. ಸಿಟ್ಟಿನಲ್ಲಿ ತಟ್ಟಿದರೆ ಕೆಡುತ್ತದೆ ಎಂದು ಅವರ ನಂಬಿಕೆ.

ಬಿಡಿಭಾಗಗಳ ಕಥೆ ಇಲ್ಲಿ ಉದ್ದ ಮಾಡುವುದಿಲ್ಲ. ಕೆಲವು ಇಂಗ್ಲೆಂಡಿನಿಂದ ಪಾರ್ಸೆಲ್ಲಿನಲ್ಲಿ ಬಂದವು. ಕೆಲವು ಮಂಗಳವಾರ ಪೇಠೆಯ ಜುನಾ ಬಜಾರಿನಲ್ಲಿ, ಹಳೇ ಬೀಗ ಮತ್ತು ಗ್ರಾಮಫೋನುಗಳ ನಡುವೆ ಸಿಕ್ಕವು. ಬುಧವಾರ ಆಫೀಸಿಗೆ ತಡವಾಗಿ ಹೋಗುವ ಚಟ ಅಲ್ಲಿಂದ ಶುರುವಾಯಿತು. ಕಾಗದಪತ್ರ ಮಾತ್ರ ಆಶ್ಚರ್ಯವಾಗಿ ಇದ್ದವು. 1956ಕ್ಕೆ ಮುಂಚೆ ಗದಗ ಮುಂಬಯಿ ಸಂಸ್ಥಾನದಲ್ಲಿತ್ತಲ್ಲ, ಅಜ್ಜನ ಆರ್‌ಸಿ ಪುಸ್ತಕದ ಮೇಲೆ ಬಾಂಬೆ ಸರಕಾರದ ಮೊಹರಿದೆ. ಹೀಗೆ ನಮ್ಮ ಮನೆಯಲ್ಲಿ ನನಗಿಂತ ಮೊದಲು ಈ ರಾಜ್ಯದ ದಾಖಲೆಗೆ ಹೋದದ್ದು ಈ ಗಾಡಿ. 2021ರಲ್ಲಿ ಕೇಂದ್ರ ಸರಕಾರ 50 ವರ್ಷ ದಾಟಿದ ವಾಹನಗಳಿಗೆ ಮಾಡಿದ ವಿಂಟೇಜ್ ನಿಯಮದ ಪ್ರಕಾರ ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ವಿಎ ಎಂಬ ಅಕ್ಷರ, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಚಾಸಿಯಲ್ಲೂ ಎಂಜಿನ್ನಿನಲ್ಲೂ ಮೂಲಕ್ಕೆ ದೊಡ್ಡ ಬದಲಾವಣೆ ಮಾಡಿರಬಾರದು ಎಂದೂ ಅದರಲ್ಲಿದೆ. ಓದಿ ತಲೆದೂಗಿದ್ದೆ.

ಈ ನಡುವೆ ಅವ್ವ ತೀರಿಕೊಂಡಳು. ಅಪ್ಪ ಪುಣೆಗೆ ಬಂದರು. ಮೂವತ್ತೈದು ವರ್ಷ ಕನ್ನಡ ಶಾಲೆಯ ಮಾಸ್ತರಾಗಿದ್ದವರು, ಒಂಬತ್ತನೇ ಮಹಡಿಯಲ್ಲಿ ಮಾತಿಗೆ ಯಾರೂ ಇಲ್ಲದೆ ಬಾಲ್ಕನಿಯಲ್ಲಿ ಕೂತು ರಸ್ತೆ ನೋಡುತ್ತಿದ್ದರು. ಮಗಳು ಅವರ ಜೊತೆ ಇಂಗ್ಲಿಷ್ ಮತ್ತು ಕನ್ನಡ ಕಲಸಿ ಆಡುವ ಮಾತು ಅವರಿಗೆ ಅರ್ಧ ತಿಳಿಯುತ್ತಿರಲಿಲ್ಲ. ಬೇಸ್‌ಮೆಂಟಿಗೆ ಬನ್ನಿ ಎಂದು ಮೂರು ನಾಲ್ಕು ಸಲ ಕರೆದೆ. "ಅದನ್ನೇನ ನೋಡೂದು" ಎಂದು ತಳ್ಳಿಹಾಕಿದರು.

ವಾಲ್ವ್ ಅರೆಯುವ ದಿನ ಹೇಗೋ ಬಂದರು. ಅರೆಯುವುದೆಂದರೆ ವಾಲ್ವಿನ ಅಂಚಿಗೂ ಅದು ಕೂರುವ ಸೀಟಿಗೂ ನಡುವೆ ಖರಖರ ಪೇಸ್ಟು ಹಚ್ಚಿ, ಅಂಗೈಗಳ ನಡುವೆ ಕಡ್ಡಿ ಹಿಡಿದು ಮಜ್ಜಿಗೆ ಕಡೆದ ಹಾಗೆ ಹಿಂದೆ ಮುಂದೆ ತಿರುಗಿಸುವುದು. ಮೊದಲು ಸದ್ದು ಒರಟಾಗಿರುತ್ತದೆ, ಅರೆದಂತೆ ನುಣುಪಾಗುತ್ತದೆ. ಆಗ ಎತ್ತಿ, ಕಾಲು ಸುತ್ತು ತಿರುಗಿಸಿ ಇಟ್ಟು, ಮತ್ತೆ ಅರೆಯಬೇಕು. ನಾನು ಎಡಬಿಡದೆ ಒಂದೇ ಕಡೆ ತಿರುಗಿಸುತ್ತಿದ್ದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಕೇಳಿ, "ಸಪ್ಪಳ ಬದಲಾತಲ್ಲೊ, ಎತ್ತ ಇನ್ನ" ಎಂದರು. ಆಮೇಲೆ ಕಡ್ಡಿ ನನ್ನ ಕೈಗೆ ಬರಲಿಲ್ಲ. ಹುಡುಗನಾಗಿದ್ದಾಗ ಅಜ್ಜ ಈ ಕೆಲಸಕ್ಕೆ ಅವರನ್ನೇ ಕೂಡಿಸುತ್ತಿದ್ದರಂತೆ. ಸೀಟಿನ ಸುತ್ತ ಒಂದೇ ಅಗಲದ ಬೂದು ಗೆರೆ ಬಂದ ಮೇಲೆ, ಪೋರ್ಟಿನಲ್ಲಿ ಪೆಟ್ರೋಲ್ ಹೊಯ್ದು ಸೋರುತ್ತದೋ ಎಂದು ಅರ್ಧ ಗಂಟೆ ಕಾದೆವು. ಹನಿ ಸೋರಲಿಲ್ಲ. ತಣ್ಣಗಿರುವಾಗ ಒಳ ವಾಲ್ವಿಗೆ 10 ಥೌ, ಎಕ್ಸಾಸ್ಟಿಗೆ 12 ಥೌ ಸಂದು. ಎಕ್ಸಾಸ್ಟ್ ಹೆಚ್ಚು ಬಿಸಿಯಾಗಿ ಹೆಚ್ಚು ಹಿಗ್ಗುವುದರಿಂದ ಆ ಎರಡು ಥೌ.

ಮೊದಲ ಸಲ ಶುರು ಮಾಡುವಾಗ ಹದಿನೈದು ಒದೆ ಒದ್ದು ನಾನು ಸುಸ್ತಾಗಿದ್ದೆ. ಅಪ್ಪ ಪಂಚೆ ಎತ್ತಿ ಕಟ್ಟಿದರು. "ಇದನ್ನ ಒದೀಬಾರದು, ತುಳೀಬೇಕು." ಪೆಟ್ರೋಲ್ ಬಿಟ್ಟು ಕಾರ್ಬ್ಯುರೇಟರಿನ ಗುಂಡಿ ಒತ್ತಿ ತುಸು ಉಕ್ಕಿಸಿದರು, ಗಾಳಿಯ ಲಿವರ್ ಮುಚ್ಚಿದರು, ಕಿಡಿಯ ಲಿವರನ್ನು ಅರ್ಧ ಹಿಂದಕ್ಕೆಳೆದರು. ಇದನ್ನು ಮರೆತರೆ ಕಿಕ್ಕು ತಿರುಗಿ ಬಡಿದು ಕಾಲು ಮುರಿಯುತ್ತದೆ. ವಾಲ್ವ್ ಎತ್ತುವ ಸಣ್ಣ ಲಿವರ್ ಹಿಡಿದು ಪಿಸ್ಟನ್ನನ್ನು ಬಿಗಿಯ ಜಾಗದಿಂದ ಕೂದಲೆಳೆಯಷ್ಟು ದಾಟಿಸಿ, ಲಿವರ್ ಬಿಟ್ಟು, ಮೈಭಾರವನ್ನೆಲ್ಲ ಒಂದೇ ಸಮ ಕಾಲಿಗೆ ಹಾಕಿದರು. ಎಪ್ಪತ್ತು ದಾಟಿದವರು. ಎರಡನೇ ತುಳಿತಕ್ಕೆ ಹೊತ್ತಿಕೊಂಡಿತು. ಡಬ್, ಡಬ್, ಡಬ್, ನಡುವೆ ಒಂದು ಮಾತು ಆಡಿ ಮುಗಿಸುವಷ್ಟು ಸಾವಕಾಶ. ಬೇಸ್‌ಮೆಂಟಿನಲ್ಲಿದ್ದ ನಾಲ್ಕು ಕಾರುಗಳ ಅಲಾರಂ ಒಟ್ಟಿಗೆ ಕೂಗಿಕೊಂಡವು. ಮೂರನೇ ನೋಟೀಸು ಬಂತು.

ಆದರೆ ಹದಿನೈದು ನಿಮಿಷ ಓಡಿದ ಮೇಲೆ ನಿಂತುಬಿಡುತ್ತಿತ್ತು. ತಣ್ಣಗಾಗುವವರೆಗೆ ಏನು ಮಾಡಿದರೂ ಏಳುತ್ತಿರಲಿಲ್ಲ. ನಾನು ನಾಲ್ಕು ತಿಂಗಳು ಕಾರ್ಬ್ಯುರೇಟರಿನ ಬೆನ್ನು ಹತ್ತಿದೆ. ಜೆಟ್ ಬದಲಿಸಿದೆ, ಫ್ಲೋಟ್ ಬದಲಿಸಿದೆ, ಎಕ್ಸೆಲ್ ಹಾಳೆಯಲ್ಲಿ ನಿಮಿಷ, ಉಷ್ಣತೆ, ಹವಾಮಾನ ಎಲ್ಲ ಬರೆದೆ. ಆಫೀಸಿನಲ್ಲಿ ಹೊಸ ಹುಡುಗರು ಹೀಗೆ ಮಾಡಿದರೆ ನಾನೇ ಬಯ್ಯುತ್ತೇನೆ. ಅಪ್ಪ ಒಂದು ದಿನ ಹೇಳಿದರು: "ಪೆಟ್ರೋಲ್ ಕಡಿಮಿ ಆದ್ರ ಗಾಡಿ ಕೆಮ್ಮಿ ಕೆಮ್ಮಿ ನಿಂದರತೈತಿ. ಇದು ದೀಪಾ ಆರಿಸಿದಂಗ ನಿಂದರತೈತಿ. ಇದು ಕಿಡಿ ತ್ರಾಸು." ಲ್ಯೂಕಸ್ ಮ್ಯಾಗ್ನೆಟೊ ಬಿಚ್ಚಿಸಿದರೆ ಅದೇ ನಿಜ. ಒಳಗಿನ ಕಂಡೆನ್ಸರ್ ಬಿಸಿಯಾದ ಕೂಡಲೇ ಸೋರುತ್ತಿತ್ತು. ಸುರುಳಿಗೆ ಬಳಿದ ಹಳೇ ಅರಗೂ ಕರಗಿ ಅಂಟಂಟಾಗಿತ್ತು. ಹೊಸದಾಗಿ ಸುತ್ತಿಸಿ, ಕಂಡೆನ್ಸರ್ ಹಾಕಿಸಿ, ಅಯಸ್ಕಾಂತಕ್ಕೆ ಮತ್ತೆ ಬಲ ತುಂಬಿಸಿ ತಂದ ಮೇಲೆ ಒಂದು ಗಂಟೆ ನಿಲ್ಲದೆ ಓಡಿತು.

ಅಲ್ಲಿಗೆ ನಾನು ಸುಮ್ಮನಿರಬಹುದಿತ್ತು. ಎಂಜಿನ್ ಎಣ್ಣೆ ಸುಡುತ್ತಿದೆ, ಒಮ್ಮೆ ಬೋರ್ ಮಾಡಿಸಬೇಕು ಎಂಬುದು ನಿಜವಾದ ಕಾರಣವೇ. ಹೇಗೂ ಬಿಚ್ಚುತ್ತೇನಲ್ಲ, ಆ 13 ಅಶ್ವಶಕ್ತಿಗೂ ಒಂದು ಗತಿ ಕಾಣಿಸೋಣ ಎಂದುಕೊಂಡೆ. ಅಮೆರಿಕದಲ್ಲಿ ಹಾರ್ಲೆ ಡೇವಿಡ್‌ಸನ್ನಿನವರು ಕೆಆರ್ ಎಂಬ 750 ಸಿಸಿ ಫ್ಲಾಟ್‌ಹೆಡ್ಡನ್ನು 1969ರವರೆಗೂ ರೇಸಿಗೆ ಬಿಟ್ಟಿದ್ದರು. 1968 ಮತ್ತು 1969ರಲ್ಲಿ ಕ್ಯಾಲ್ ರೇಬೋರ್ನ್ ಡೇಟೋನಾ 200 ಗೆದ್ದದ್ದು ಅದರ ಮೇಲೆಯೇ. ಆ ಕಾಲದ ಅಲ್ಲಿನ ನಿಯಮ ಸೈಡ್ ವಾಲ್ವಿಗೆ 750 ಸಿಸಿ ಕೊಟ್ಟು, ಮೇಲ್ವಾಲ್ವಿನ ಗಾಡಿಗಳಿಗೆ ಬಹುಕಾಲ 500ರ ಮಿತಿ ಹಾಕಿತ್ತು ಎಂಬುದನ್ನು ನಾನು ಓದಿದ್ದೆ, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೆಡ್ಡಿನ ತಳವನ್ನು ಒಂದೂವರೆ ಮಿಲಿಮೀಟರ್ ಕೆರೆಸಿದೆ. ನನ್ನ ಲೆಕ್ಕದಲ್ಲಿ ಕಂಪ್ರೆಷನ್ 5.3ರ ಆಸುಪಾಸಿಗೆ ಬಂತು.

ಅದರಿಂದ ಏನಾಯಿತು? ತಗ್ಗಿನಲ್ಲಿ ಎಳೆತ ಒಂದಿಷ್ಟು ಚುರುಕಾಯಿತು. ವೇಗ ಹೆಚ್ಚಿದ ಹಾಗೆ ಉಸಿರು ಕಟ್ಟಿತು. ಕಾರಣ ಹೆಡ್ ಬಿಚ್ಚಿ ನೋಡಿದರೆ ಕಣ್ಣಿಗೇ ಕಾಣುತ್ತದೆ. ಮಿಶ್ರಣ ವಾಲ್ವಿನ ಕಡೆಯಿಂದ ಸಿಲಿಂಡರಿಗೆ ದಾಟುವ ಬಾಗಿಲು ಹೆಡ್ಡಿನ ಕೆಳಗಿನ ಆ ತೆಳು ಸಂದಿಯೇ. ಹೆಡ್ ಇಳಿಸಿದರೆ ಒತ್ತಡ ಏರುತ್ತದೆ, ಬಾಗಿಲು ಸಣ್ಣದಾಗುತ್ತದೆ. ಬಲ್ಲ ಟ್ಯೂನರುಗಳು ವಾಲ್ವಿಗೂ ಬೋರಿಗೂ ನಡುವಿನ ಕಬ್ಬಿಣವನ್ನು ತುಸು ತಗ್ಗು ಮಾಡಿ ಬಾಗಿಲು ದೊಡ್ಡದು ಮಾಡುತ್ತಾರೆ, ಹಾಗೆ ಮಾಡಿದರೆ ಗಳಿಸಿದ ಕಂಪ್ರೆಷನ್ನಿನಲ್ಲಿ ಅಷ್ಟನ್ನು ಕಳೆದುಕೊಳ್ಳುತ್ತಾರೆ. ಒಂದನ್ನು ಎಳೆದರೆ ಇನ್ನೊಂದು ಬರುತ್ತದೆ. ವಾಲ್ ಪೇಜ್ ಸುಮ್ಮನೆ 4.9 ಬರೆದಿರಲಿಲ್ಲ.

ಹೆಡ್ಡಿನದು ದಡ್ಡತನ, ಅಪಾಯದ್ದಲ್ಲ. ಅಪಾಯದ್ದು ಬೋರಿನ ವಿಷಯ. 40 ಥೌ ದೊಡ್ಡ ಪಿಸ್ಟನ್ ತಂದಿದ್ದೆ. ಸಿಲಿಂಡರಿಗೂ ಪಿಸ್ಟನ್ನಿಗೂ ಎಷ್ಟು ಸಂದು ಬಿಡಬೇಕು ಎಂದು ಭೋಸರಿಯ ಕಾಕಾ ಕೇಳಲೇ ಇಲ್ಲ, ತಾವೇ "ಪಾಚ ಥೌ ಠೇವೂ ಸಾಹೇಬ" ಎಂದರು. ಐದು ಥೌ. ನಾನು ಹೊಸ ಬೈಕಿನ ಸರ್ವಿಸ್ ಪುಸ್ತಕ ಓದಿದವನು, ಅದರಲ್ಲಿ ಎರಡು ಥೌಗಿಂತ ಹೆಚ್ಚು ಎಲ್ಲೂ ಇಲ್ಲ. ಐದು ಅಂದರೆ ಹಳೇ ಕಾಲದ ಅಡ್ಡಾದಿಡ್ಡಿ ಅಳತೆ, ಈಗಿನ ಯಂತ್ರಗಳಿಗೆ ಅಷ್ಟು ಸಡಿಲ ಯಾಕೆ ಎಂದು ಅವರಿಗೇ ಪಾಠ ಮಾಡಿದೆ. ಅವರು ನನ್ನ ಮುಖ ನೋಡಿ, ಪೆನ್ಸಿಲಿನಿಂದ ಸಿಲಿಂಡರಿನ ಮೇಲೆ 2 ಎಂದು ಬರೆದುಕೊಂಡರು. ದುಡ್ಡು ಕೊಡುವವನು ನಾನು.

ಒಂದು ಭಾನುವಾರ ಬೆಳಿಗ್ಗೆ ಅಪ್ಪನನ್ನು ಹಿಂದೆ ಕೂಡಿಸಿಕೊಂಡು ಕಾತ್ರಜದ ಹಳೇ ಘಾಟಿಗೆ ಹೊರಟೆ. ಹೆಂಡತಿ ಬೇಡ ಅಂದಿದ್ದಳು. ಅಪ್ಪ ಎರಡು ವರ್ಷದಲ್ಲಿ ಒಮ್ಮೆಯೂ ಗಾಡಿ ಏರಿರಲಿಲ್ಲ, ಅಂದು ತಾವಾಗಿ ಬಂದು ಕೂತಿದ್ದರು, ಅದಕ್ಕೇ ನನಗೆ ಉಮೇದು. ಏರಿನಲ್ಲಿ ಮೂರನೇ ಗೇರು, ಥ್ರಾಟಲ್ ಮುಕ್ಕಾಲು. ಸುರಂಗ ಇನ್ನೂ ಎರಡು ತಿರುವು ಇದೆ ಅನ್ನುವಾಗ ಎಂಜಿನ್ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಸಡಿಲಾಯಿತು. ಆಗ ಥ್ರಾಟಲ್ ಬಿಡಬೇಕು, ನಾನು ಇನ್ನಷ್ಟು ಕೊಟ್ಟೆ. ಮೇಲಿನಿಂದ ಸಣ್ಣಗೆ ಕಿರ್ರ್ ಎಂದಿತು, ಮರುಕ್ಷಣ ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ಅಡ್ಡಡ್ಡ ಜಾರತೊಡಗಿತು. ಎದುರಿನಿಂದ ಹಾಲಿನ ಟೆಂಪೊ ಬರುತ್ತಿತ್ತು. ಕ್ಲಚ್ ಯಾವಾಗ ಹಿಡಿದೆನೋ ಗೊತ್ತಿಲ್ಲ. ಚಕ್ರ ಬಿಡಿಸಿಕೊಂಡಿತು, ನಾವು ಎಡಗಡೆಯ ಮಣ್ಣಿಗೆ ಹೋಗಿ ನಿಂತೆವು. ಅಪ್ಪನ ಒಂದು ಚಪ್ಪಲಿ ರಸ್ತೆಯ ನಡುವೆ ಬಿದ್ದಿತ್ತು.

ಕಲ್ಲಿನ ಕಟ್ಟೆಯ ಮೇಲೆ ಕೂತೆವು. ನನ್ನ ಕೈ ಎಷ್ಟು ನಡುಗುತ್ತಿತ್ತೆಂದರೆ ನೀರಿನ ಬಾಟಲಿಯ ಮುಚ್ಚಳ ತೆಗೆಯಲಾಗಲಿಲ್ಲ, ಅಪ್ಪನೇ ತೆಗೆದರು. ಅರ್ಧ ಗಂಟೆಗೆ ಎಂಜಿನ್ ತಣ್ಣಗಾಗಿ ಕಿಕ್ಕು ಮತ್ತೆ ತಿರುಗಿತು. ಶುರು ಮಾಡಲು ಹೋದೆ. "ಬ್ಯಾಡ. ಇದ್ದದ್ದ ಕೆಡಸಬ್ಯಾಡ" ಎಂದರು. ಒಂದು ಛೋಟಾ ಹಾಥಿ ಹಿಡಿದು ಗಾಡಿ ಹೇರಿದೆವು. ದಾರಿಯಲ್ಲಿ ಅಪ್ಪ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

"ನನಗ ಹನ್ನೆಡ್ಡ ವರ್ಷ. ನರೇಗಲ್ ದಾರ್ಯಾಗ ಹಿಂಗ ಹಿಡಕೊಂಡಿತ್ತು. ನಾನು ಟಾಕಿ ಮ್ಯಾಲ ಮುಂದ ಕುಂತಿದ್ದೆ. ಇಬ್ರೂ ಎರಿ ಹೊಲದಾಗ ಹೋಗಿ ಬಿದ್ವಿ, ಮಣ್ಣ ಮೆತ್ತಗಿತ್ತು, ಏನೂ ಆಗಲಿಲ್ಲ. ನಮ್ಮಪ್ಪ ನನ್ನ ಕೈಕಾಲ ಎಲ್ಲಾ ಮುಟ್ಟಿ ಮುಟ್ಟಿ ನೋಡಿದ್ರು. ಆಮ್ಯಾಲ ಬೇವಿನ ಗಿಡದ ಕೆಳಗ ಭಾಳ ಹೊತ್ತ ಮಾತಿಲ್ಲದಂಗ ಕುಂತ್ರು. ಅವತ್ತಿನಿಂದ ಕ್ಲಚ್ ಮ್ಯಾಲಿನ ಎರಡ ಬೆರಳ ಅವರು ಯಾವತ್ತೂ ತಗೀಲಿಲ್ಲ. ನನ್ನನ್ನೂ ಮತ್ತ ಕೂಡಸಕೊಳ್ಳಲಿಲ್ಲ."

ಪಿಸ್ಟನ್ನಿನ ನೆತ್ತಿಯ ಮೇಲಿನ ಆ 20 ಅಂದಿನದು.

ಮನೆಯಲ್ಲಿ ಹೆಂಡತಿ ಎರಡು ದಿನ ಮಾತಾಡಲಿಲ್ಲ. ಅವಳದು ತಪ್ಪಿಲ್ಲ. ಮೂರನೇ ದಿನ ರಾತ್ರಿ ನಾನು ಮೊದಲೇ ಮಾಡಬೇಕಿದ್ದ ಲೆಕ್ಕವನ್ನು ಮಾಡಿದೆ. 82 ಮಿ.ಮೀ. ಅಲ್ಯೂಮಿನಿಯಂ ಪಿಸ್ಟನ್ 100 ಡಿಗ್ರಿ ಬಿಸಿಯೇರಿದರೆ ಸುಮಾರು 0.17 ಮಿ.ಮೀ. ಹಿಗ್ಗುತ್ತದೆ. ಎರಕದ ಕಬ್ಬಿಣದ ಸಿಲಿಂಡರ್ ಅದರ ಅರ್ಧದಷ್ಟೇ ಹಿಗ್ಗುತ್ತದೆ. ನಾನು ಬಿಟ್ಟ ಎರಡು ಥೌ ಅಂದರೆ 0.05 ಮಿ.ಮೀ. ಸಾಲದ್ದಕ್ಕೆ ಸೈಡ್ ವಾಲ್ವಿನಲ್ಲಿ ಎಕ್ಸಾಸ್ಟ್ ಕಡೆಯ ಗೋಡೆ ಬೇರೆಯಾಗಿ ಸೊಟ್ಟಗಾಗುತ್ತದೆ. ಹೊಸ ಬೈಕಿನ ಸಿಲಿಂಡರೂ ಅಲ್ಯೂಮಿನಿಯಮ್ಮೇ, ಎರಡೂ ಜೊತೆಯಾಗಿ ಹಿಗ್ಗುತ್ತವೆ, ಅದಕ್ಕೇ ಅಲ್ಲಿ ಎರಡು ಥೌ ನಡೆಯುತ್ತದೆ. ಹತ್ತು ನಿಮಿಷದ ಲೆಕ್ಕ. ಇದರ ಮೇಲೆ ಬಂಕಿನ ಇ20 ಪೆಟ್ರೋಲ್. ಎಥನಾಲ್ ಇರುವ ಪೆಟ್ರೋಲಿಗೆ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು, ನಾನು 1940ರ ಪುಸ್ತಕ ನೋಡಿ 170 ನಂಬರಿನ ಜೆಟ್ಟನ್ನೇ ಹಾಕಿದ್ದೆ. ಮಿಶ್ರಣ ಬಡವಾಗಿ ಇನ್ನಷ್ಟು ಬಿಸಿ. ಎಲ್ಲಿ ಹಳೆಯದನ್ನು ನಂಬಬೇಕಿತ್ತೋ ಅಲ್ಲಿ ಹೊಸ ಪುಸ್ತಕ, ಎಲ್ಲಿ ಹೊಸದನ್ನು ಯೋಚಿಸಬೇಕಿತ್ತೋ ಅಲ್ಲಿ ಹಳೇ ಪುಸ್ತಕ.

ಸಿಲಿಂಡರಿನ ಒಂದು ಮಗ್ಗುಲು ಉದ್ದಕ್ಕೆ ಗೀಚಿಹೋಗಿತ್ತು. 40ರ ಅಳತೆ ಮುಗಿದಂತೆ, ಇನ್ನು 60 ಥೌ ಪಿಸ್ಟನ್ನೇ ಗತಿ. ಅದಾದ ಮೇಲೆ ಒಳಗೆ ಸ್ಲೀವ್ ಕೂರಿಸಬೇಕಾಗುತ್ತದೆ, ಅಜ್ಜನ ಕಬ್ಬಿಣಕ್ಕೆ ಪಿಸ್ಟನ್ ತಾಗುವುದಿಲ್ಲ. ನೂರು ಕಿಲೋಮೀಟರ್ ಕೂಡ ಓಡಿಸದೆ ಒಂದು ಅಳತೆಯನ್ನು ನಾನು ತಿಂದುಹಾಕಿದ್ದೆ. ಅದರ ಸಂಕಟ ಇನ್ನೂ ಹೋಗಿಲ್ಲ.

ಭೋಸರಿಗೆ ಅಪ್ಪನೂ ಬಂದರು. ಕಾಕಾಗೆ ಕನ್ನಡ ಬಾರದು, ಅಪ್ಪನಿಗೆ ಮರಾಠಿ ಬಾರದು. ಕಾಕಾ ಸಿಲಿಂಡರ್ ನೋಡಿದರು, ಪಿಸ್ಟನ್ ನೋಡಿದರು, ನನ್ನನ್ನು ನೋಡಲಿಲ್ಲ. ಅಪ್ಪ ಕೈಯೆತ್ತಿ ಐದೂ ಬೆರಳು ತೋರಿಸಿದರು. ಕಾಕಾ ನಕ್ಕು ಚಹಾ ತರಿಸಿದರು. ಬೋರ್ ಆದ ಮೇಲೆ ಒಣ ಸಿಲಿಂಡರಿನಲ್ಲಿ ಉಂಗುರವಿಲ್ಲದ ಪಿಸ್ಟನ್ ಬಿಟ್ಟು, ಪಕ್ಕಕ್ಕೆ ಐದು ಥೌ ಪಟ್ಟಿ ಸೇರಿಸಿ ಅಪ್ಪನ ಕೈಗೆ ಕೊಟ್ಟರು. ಪಟ್ಟಿ ಎಳೆದರೆ ಬರಬೇಕು, ಆದರೆ ಬೆರಳಿಗೆ ತಡೆ ಗೊತ್ತಾಗಬೇಕು. ಅಪ್ಪ ನಾಲ್ಕು ಕಡೆ ಎಳೆದು ನೋಡಿ ಕತ್ತು ಹಾಕಿದರು. ಉಂಗುರಗಳ ತುದಿಯ ಸಂದು 12 ಥೌ ಇಟ್ಟೆವು.

ಹೆಡ್ಡಿನಿಂದ ಕೆರೆದದ್ದು ತಿರುಗಿ ಬರುವುದಿಲ್ಲ. ಒಂದೂವರೆ ಮಿಲಿಮೀಟರ್ ಹೆಚ್ಚು ದಪ್ಪದ ತಾಮ್ರದ ಗ್ಯಾಸ್ಕೆಟ್ ಮಾಡಿಸಿ ಆ ಎತ್ತರವನ್ನು ಮರಳಿ ತಂದೆ. ತಾಮ್ರ ಮೆತ್ತಗಾಗಲು ಕೆಂಪಗೆ ಕಾಯಿಸಿ ನೀರಿಗೆ ಅದ್ದಬೇಕು. ಅಡುಗೆ ಮನೆಯ ಗ್ಯಾಸಿನ ಮೇಲೆ ಕಾಯಿಸಿದ್ದು ಹೆಂಡತಿಗೆ ತಡವಾಗಿ ಗೊತ್ತಾಯಿತು. ಮೇನ್ ಜೆಟ್ 190. ಪೆಟ್ರೋಲ್ ಕೊಳಾಯಿಯ ಬೆಂಡಿಗೆ ಬಳಿಯುತ್ತಿದ್ದ ಅರಗು ಎಥನಾಲಿಗೆ ಕರಗುತ್ತದೆ, ಅದನ್ನೂ ರಬ್ಬರಿಗೆ ಬದಲಿಸಿದೆ. ಕಿಡಿ ಹೊತ್ತುವ ಕ್ಷಣವನ್ನು ಹೆಡ್ ಮುಚ್ಚುವ ಮೊದಲೇ ಹೊಂದಿಸಿದೆವು. ಲಿವರ್ ಪೂರ್ತಿ ಮುಂದಿರುವಾಗ, ಪಿಸ್ಟನ್ ಮೇಲಿನ ತುದಿಗೆ ಇನ್ನೂ 7/16 ಇಂಚು ಇರುವಾಗ ಪಾಯಿಂಟು ಬಾಯಿ ಬಿಡಬೇಕು. ಪಾಯಿಂಟಿನ ನಡುವೆ ಸಿಗರೇಟಿನ ತೆಳು ಕಾಗದ ಸಿಕ್ಕಿಸಿ ಅಪ್ಪ ಮೆಲ್ಲಗೆ ಎಳೆಯುತ್ತಿದ್ದರು, ನಾನು ಎಂಜಿನ್ ತಿರುಗಿಸುತ್ತಿದ್ದೆ. ಕಾಗದ ಬಿಟ್ಟ ಕೂಡಲೇ "ಹಾಂ" ಎನ್ನುವರು.

ಈಗ 600 ಕಿಲೋಮೀಟರ್ ಆಗಿದೆ. ಮೊದಲ 300 ನಾನೊಬ್ಬನೇ, ಗಂಟೆಗೆ 40 ದಾಟದೆ. ನಿಲ್ಲಿಸಿದಾಗ ತಗಡಿನ ತಟ್ಟೆಗೆ ಹನಿ ಬೀಳುವುದು ಬಿಟ್ಟಿಲ್ಲ. ವಾರಗಟ್ಟಲೆ ನಿಂತರೆ ಟಾಕಿಯ ಎಣ್ಣೆ ಪಂಪಿನ ಮೂಲಕ ಸೋರಿ ಕ್ರ್ಯಾಂಕಿಗೆ ಇಳಿಯುತ್ತದೆ, ಶುರು ಮಾಡುವ ಮೊದಲು ಅದನ್ನು ಬಸಿದು ಮತ್ತೆ ಮೇಲೆ ಹೊಯ್ಯಬೇಕು. ಇದು ಈ ಜಾತಿಯ ಗಾಡಿಯ ಹುಟ್ಟುಗುಣ. ಕಾತ್ರಜ ಘಾಟಿ ಎರಡು ಸಲ ಹತ್ತಿದೆ, ಎರಡೂ ಸಲ ಕ್ಲಚ್ಚಿನ ಮೇಲೆ ಎರಡು ಬೆರಳಿಟ್ಟುಕೊಂಡು.

ಗದಗಿಗೆ ಇಲ್ಲಿಂದ ಹತ್ತಿರ ಹತ್ತಿರ 500 ಕಿಲೋಮೀಟರ್. ಅಷ್ಟು ದೂರದ ಓಟಕ್ಕೆ ಕಾಗದಪತ್ರ ಒಪ್ಪುತ್ತದೋ, ಎಂಜಿನ್ ಒಪ್ಪುತ್ತದೋ, ಹೆಂಡತಿ ಒಪ್ಪುತ್ತಾಳೋ ನೋಡಬೇಕು. ಅಪ್ಪ ಹಿಂದೆ ಕೂರುತ್ತೇನೆ ಎಂದೂ ಅಂದಿಲ್ಲ, ಇಲ್ಲ ಎಂದೂ ಅಂದಿಲ್ಲ. ನಿನ್ನೆ ಸಂಜೆ ಮಾತ್ರ, ಎಕ್ಸಾಸ್ಟ್ ಕಡೆ ಟಿಕ್ ಟಿಕ್ ಸಪ್ಪಳ ಜಾಸ್ತಿಯಾಗಿದೆ, ಭಾನುವಾರ ಮುಂಜಾನೆ ಗಾಡಿ ತಣ್ಣಗಿರುವಾಗಲೇ ಸಂದು ನೋಡಬೇಕು, ಹನ್ನೆರಡು ಥೌ ಪಟ್ಟಿ ಎಲ್ಲಿಟ್ಟಿದ್ದೀ ಎಂದು ಕೇಳಿದರು.